ಮನ್ನಾಕ್ಕೆ ಮೊದಲು ಲೆಕ್ಕ ಬಿಡಿಸಿ: ಕುವೈತ್ ಹಣಕಾಸು ಸಚಿವಾಲಯಕ್ಕೊಂದು ಬಹಿರಂಗ ಪತ್ರ

ಕುವೈತ್ ಹಣಕಾಸು ಸಚಿವಾಲಯಕ್ಕೆ, ಸೆಂಟ್ರಲ್ ಬ್ಯಾಂಕಿಗೆ, ಹಾಗೂ ಸಾಲ ಮನ್ನಾ ಕೇಳುತ್ತಿರುವ ಕುವೈತಿ ನಾಗರಿಕರಿಗೆ,

ಮಾನ್ಯರೇ,

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ನಮ್ಮಲ್ಲಿದೆ. ಕುವೈತಿನ ದಿವಾನಿಯಾಗಳಲ್ಲಿ, ಅಂದರೆ ಜನ ಕೂಡಿ ಹರಟುವ ಚಾವಡಿಗಳಲ್ಲಿ, ವರ್ಷಗಳಿಂದ ಕೇಳಿಬರುವ ದೂರಿನ ತಿರುಳೂ ಇದೇ. ಈಜಿಪ್ಟಿಗೆ ಕೊಡಲು ಹಣವಿದೆ, ಇರಾಕಿಗೆ ಕೊಡಲು ಹಣವಿದೆ, ಆಫ್ರಿಕಾದಲ್ಲಿ ರಸ್ತೆ ಹಾಕಿಸಲು ಹಣವಿದೆ. ಸ್ವಂತ ಪ್ರಜೆಯ ಬ್ಯಾಂಕ್ ಸಾಲ ತೀರಿಸಲು ಮಾತ್ರ ಖಜಾನೆ ಬರಿದು. ಅರಬ್ಬಿಯಲ್ಲಿ 'ಇಸ್ಕಾತ್ ಅಲ್ ಕುರೂದ್' ಎನ್ನುವ ಈ ಬೇಡಿಕೆ ಒಂದು ಸರ್ಕಾರದ ರಾಜೀನಾಮೆಗೂ ಕಾರಣವಾಗಿದೆ. ನಾಗರಿಕರ ವೈಯಕ್ತಿಕ ಸಾಲಗಳನ್ನು ಸರ್ಕಾರವೇ ಕೊಳ್ಳಬೇಕೆಂಬ ಮಸೂದೆಯ ಜಗಳ ತಾರಕಕ್ಕೇರಿ, 2023ರ ಜನವರಿ 23ರಂದು ಪ್ರಧಾನಿ ಶೇಖ್ ಅಹ್ಮದ್ ನವಾಫ್ ಅವರ ಸಂಪುಟ ಅಧಿಕಾರ ಬಿಟ್ಟಿತು. 2024ರ ಮೇ 10ರಂದು ಸಂಸತ್ತೇ ವಿಸರ್ಜನೆಯಾದ ಮೇಲೆ ಈ ವಾದಕ್ಕೆ ಸಭಾಂಗಣ ಇಲ್ಲವಾಯಿತು. ಹಾಗೆಂದು ವಾದವೇನೂ ಮುಗಿದಿಲ್ಲ.

ಇದನ್ನು ಕನ್ನಡದಲ್ಲಿ ಏಕೆ ಬರೆಯುತ್ತಿದ್ದೀರಿ ಎಂದು ಕೇಳಬಹುದು. ಕೊಲ್ಲಿಯ ಬ್ಯಾಂಕು, ಲೆಕ್ಕಪತ್ರದ ಕೆಲಸಗಳಲ್ಲಿ ಇರುವ ಕನ್ನಡಿಗರು ನಾವು. "ಕುವೈತಿನಲ್ಲಿ ಎಲ್ಲರ ಸಾಲ ಮನ್ನಾ ಆಯಿತಂತೆ, ಇಲ್ಲಿ ನಮ್ಮ ರೈತನಿಗೆ ಮಾತ್ರ ಕಿಲುಬು ಕಾಸಿಲ್ಲ" ಎಂಬ ಸಂದೇಶ ನಮ್ಮೂರಿನ ಫೋನುಗಳಲ್ಲೂ ಓಡಾಡುತ್ತದೆ. ಅಲ್ಲಿಯ ಲೆಕ್ಕ ಬಿಡಿಸಿದರೆ ಇಲ್ಲಿಯವರಿಗೂ ಉಪಯೋಗ.

ನಮ್ಮ ಮಾತು ಇಷ್ಟೇ: ವಿದೇಶಿ ನೆರವು ನಿಲ್ಲಿಸಿದರೆ ನಾಗರಿಕರ ಸಾಲ ತೀರುತ್ತದೆ ಎಂಬ ಲೆಕ್ಕ ತಪ್ಪು. ಆ ತಪ್ಪು ಲೆಕ್ಕವನ್ನು ಇಷ್ಟು ವರ್ಷ ಬೆಳೆಯಲು ಬಿಟ್ಟದ್ದು, ನೆರವಿನ ಲೆಕ್ಕವನ್ನು ಬಿಡಿಸಿ ತೋರಿಸದ ಸಚಿವಾಲಯ.

ನೆರವಿನಿಂದಲೇ ಶುರು ಮಾಡೋಣ. ಕುವೈತಿನಿಂದ ಹೊರಗೆ ಹೋಗುವ ಹಣ ಒಂದೇ ಚೀಲದ್ದಲ್ಲ, ಮೂರು ಬೇರೆ ಬೇರೆ ಚೀಲಗಳದ್ದು.

ಮೊದಲನೆಯದು ಕುವೈತ್ ಅಭಿವೃದ್ಧಿ ನಿಧಿ. ಸ್ವಾತಂತ್ರ್ಯ ಬಂದ ವರ್ಷವೇ, 1961ರ ಡಿಸೆಂಬರ್ 31ರಂದು, 5 ಕೋಟಿ ದಿನಾರ್ ಬಂಡವಾಳದಿಂದ ಹುಟ್ಟಿದ ಸಂಸ್ಥೆ ಇದು. ಮೊದಮೊದಲ ಸಾಲಗಳಲ್ಲಿ ಸುಡಾನಿನ ರೈಲ್ವೆಗೆ ಕೊಟ್ಟದ್ದೂ ಒಂದು. 1974ರಲ್ಲಿ ಬಂಡವಾಳ 100 ಕೋಟಿಗೆ ಏರಿತು, ಅರಬ್ ಅಲ್ಲದ ದೇಶಗಳಿಗೂ ಬಾಗಿಲು ತೆರೆಯಿತು. 1981ರಲ್ಲಿ ಬಂಡವಾಳ 200 ಕೋಟಿ ದಿನಾರ್ ಆಯಿತು. ಇದುವರೆಗೆ ನೂರಕ್ಕೂ ಹೆಚ್ಚು ದೇಶಗಳಿಗೆ ಸಾವಿರಕ್ಕೂ ಹೆಚ್ಚು ಸಾಲ ಕೊಟ್ಟಿದೆ. ಭಾರತದ ವಿದ್ಯುತ್ ಯೋಜನೆಗಳಿಗೂ ಇಲ್ಲಿಂದ ಸಾಲ ಬಂದಿದೆ. ಗಮನಿಸಬೇಕಾದ ಪದ 'ಸಾಲ'. ದಾನವಲ್ಲ. ಕಡಿಮೆ ಬಡ್ಡಿ, ವರ್ಷಕ್ಕೆ ಶೇ. 0.5ರಷ್ಟು ಆಡಳಿತ ವೆಚ್ಚ, ಆರಂಭದ ಕೆಲವು ವರ್ಷ ಕಂತಿಲ್ಲ, ಆಮೇಲೆ ಎರಡು ದಶಕದ ಆಸುಪಾಸಿನಲ್ಲಿ ಅಸಲು ವಾಪಸು. ಸಾಲ ದಿನಾರ್ ಲೆಕ್ಕದಲ್ಲಿ ಇರುವುದರಿಂದ ವಿನಿಮಯ ದರ ಏರಿಳಿದರೆ ಅದರ ಭಾರ ಪಡೆದವರದು.

ಹಣ ಹೋಗುವ ದಾರಿಯೂ ಜನ ಅಂದುಕೊಂಡಂತಿಲ್ಲ. ದೇಶವೊಂದು ಯೋಜನೆ ಹಿಡಿದು ಅರ್ಜಿ ಹಾಕುತ್ತದೆ. ನಿಧಿಯ ಎಂಜಿನಿಯರು, ಅರ್ಥಶಾಸ್ತ್ರಜ್ಞರು ಸ್ಥಳಕ್ಕೆ ಹೋಗಿ ಪರಿಶೀಲಿಸುತ್ತಾರೆ. ಒಪ್ಪಂದಕ್ಕೆ ಸಹಿ ಬೀಳುತ್ತದೆ. ಆ ದೇಶದ ಕಾನೂನು ಅಭಿಪ್ರಾಯ ಬಂದ ಮೇಲಷ್ಟೇ ಸಾಲ ಜಾರಿಗೆ ಬರುತ್ತದೆ. ಆನಂತರವೂ ಇಡೀ ಮೊತ್ತ ಒಮ್ಮೆಗೇ ಹೋಗುವುದಿಲ್ಲ. ಕೆಲಸ ಸಾಗಿದಂತೆ ಬಿಲ್ಲು ಬರುತ್ತದೆ, ಬಿಲ್ಲು ನೋಡಿ ಗುತ್ತಿಗೆದಾರನಿಗೆ ಪಾವತಿಯಾಗುತ್ತದೆ. ಇದರಲ್ಲೂ ಮುಳುಗುವ ಸಾಲಗಳಿವೆ. ಕೆಲವು ದೇಶಗಳು ಸುಸ್ತಿಯಾಗಿವೆ. ಕಡುಬಡ ದೇಶಗಳ ಸಾಲ ಪರಿಹಾರ ಯೋಜನೆಯಲ್ಲಿ ನಿಧಿ ತಾನೂ ಒಂದಿಷ್ಟು ಬಿಟ್ಟುಕೊಟ್ಟಿದೆ. ಆದರೂ ನಿಧಿ ಇಂದು ನಡೆಯುತ್ತಿರುವುದು ತನ್ನ ಬಂಡವಾಳ, ಕೂಡಿಟ್ಟ ಲಾಭ, ವಾಪಸು ಬಂದ ಕಂತುಗಳಿಂದ. ಇನ್ನೊಂದು ಸಂಗತಿ ದಿವಾನಿಯಾಗಳಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ: ನಿಧಿಯ ಲಾಭದ ಒಂದು ಪಾಲು ಕಾನೂನಿನ ಪ್ರಕಾರ ಕುವೈತಿನ ವಸತಿ ಪ್ರಾಧಿಕಾರಕ್ಕೇ ಹೋಗುತ್ತದೆ. ಹೊರಗೆ ಕೊಟ್ಟ ಸಾಲದ ಬಡ್ಡಿಯಲ್ಲಿ ಒಳಗಿನ ಮನೆಯ ಇಟ್ಟಿಗೆಯೂ ಇದೆ.

ಈಗ ಗುಣಾಕಾರ. ನಾಗರಿಕರ ಸಾಲಗಳನ್ನೆಲ್ಲ ಕೊಂಡರೆ ಬೀಳುವ ಹೊರೆ ಎಂದು 2023ರಲ್ಲಿ ಸರ್ಕಾರ ಹೇಳಿದ ಅಂದಾಜು ಸುಮಾರು 1,400 ಕೋಟಿ ದಿನಾರ್. ನಿಧಿಗೆ ಬೀಗ ಜಡಿದು, 200 ಕೋಟಿ ಬಂಡವಾಳವನ್ನು ಪೂರ್ತಿ ಬಾಚಿ ತಂದರೂ ಏಳರಲ್ಲಿ ಒಂದು ಪಾಲು. ಅರವತ್ತು ವರ್ಷ ಜಗತ್ತಿಗೆಲ್ಲ ಕೊಟ್ಟ ಸಾಲಗಳನ್ನು ಒಟ್ಟು ಮಾಡಿದರೂ ಈ ಮೊತ್ತದ ಅರ್ಧದ ಆಸುಪಾಸಿಗೆ ನಿಲ್ಲುತ್ತದೆ. ಅದರಲ್ಲಿ ಬಹುಪಾಲು ವಾಪಸು ಬರುವ ಹಣ, ಬಂದ ಹಣವೇ ಮತ್ತೆ ಹೊರಗೆ ತಿರುಗಿದ್ದು.

ಎರಡನೆಯ ಚೀಲ ಬಜೆಟ್‌ನಿಂದ ನೇರ ಹೋಗುವ ಅನುದಾನ. 1967ರ ಖಾರ್ಟೂಮ್ ಶೃಂಗಸಭೆಯಲ್ಲಿ ಈಜಿಪ್ಟ್, ಜೋರ್ಡಾನ್‌ಗಳಿಗೆಂದು ಕುವೈತ್ ವರ್ಷಕ್ಕೆ 5.5 ಕೋಟಿ ಪೌಂಡ್ ಒಪ್ಪಿಕೊಂಡದ್ದು ಈ ಬಗೆಯದು. ಸಿರಿಯಾ ನಿರಾಶ್ರಿತರಿಗಾಗಿ 2013, 2014, 2015ರಲ್ಲಿ ಕುವೈತಿನಲ್ಲೇ ನಡೆದ ಸಮ್ಮೇಳನಗಳಲ್ಲಿ ಅನುಕ್ರಮವಾಗಿ 30 ಕೋಟಿ, 50 ಕೋಟಿ, 50 ಕೋಟಿ ಡಾಲರ್ ಘೋಷಿಸಿದ್ದೂ ಇಂಥದೇ. ಇದು ವಾಪಸು ಬರುವುದಿಲ್ಲ, ಬರಬೇಕೆಂದು ಯಾರೂ ಕೇಳುವುದೂ ಇಲ್ಲ.

ಮೂರನೆಯದು ರಾಜಕೀಯದ ಚೀಲ, ನಿಜವಾದ ಅನುಮಾನ ಹುಟ್ಟುವುದು ಇಲ್ಲಿ. 2013ರ ಜುಲೈನಲ್ಲಿ ಈಜಿಪ್ಟಿನಲ್ಲಿ ಸರ್ಕಾರ ಉರುಳಿದ ಕೆಲವೇ ದಿನಗಳಲ್ಲಿ ಕುವೈತ್ 400 ಕೋಟಿ ಡಾಲರ್ ಘೋಷಿಸಿತು: 100 ಕೋಟಿ ಅನುದಾನ, 100 ಕೋಟಿ ಬೆಲೆಯ ತೈಲ ಉತ್ಪನ್ನ, 200 ಕೋಟಿ ಈಜಿಪ್ಟಿನ ಸೆಂಟ್ರಲ್ ಬ್ಯಾಂಕಿನಲ್ಲಿ ಠೇವಣಿ. ಕಾಗದದ ಮೇಲೆ ಠೇವಣಿ ಎಂದರೆ ಕುವೈತಿನ ಆಸ್ತಿಯೇ. ಆದರೆ ಅವಧಿ ಮುಗಿದಾಗೆಲ್ಲ ಮುಂದಕ್ಕೆ ಹಾಕುತ್ತಾ ಹೋದ ಠೇವಣಿಯನ್ನು ಸಾಮಾನ್ಯ ನಾಗರಿಕ ಏನೆಂದು ಕರೆಯಬೇಕು? ಸಾಲವೋ, ಉಳಿತಾಯವೋ, ದಾನವೋ? 2018ರ ಫೆಬ್ರುವರಿಯಲ್ಲಿ ಇರಾಕ್ ಪುನರ್ನಿರ್ಮಾಣ ಸಮ್ಮೇಳನದಲ್ಲಿ ಹೇಳಿದ 200 ಕೋಟಿ ಡಾಲರಿನಲ್ಲಿ 100 ಕೋಟಿ ಸಾಲ, ಉಳಿದ 100 ಕೋಟಿ ಹೂಡಿಕೆ. ಪತ್ರಿಕೆಯ ತಲೆಬರಹದಲ್ಲಿ ಮಾತ್ರ ಎರಡೂ ಸೇರಿ 'ನೆರವು'. ಮಜವೆಂದರೆ, ಅದೇ ಇರಾಕ್ 1990ರ ಆಕ್ರಮಣದ ಯುದ್ಧ ಪರಿಹಾರವಾಗಿ ವಿಶ್ವಸಂಸ್ಥೆಯ ಆಯೋಗದ ಮೂಲಕ ಒಟ್ಟು 5,240 ಕೋಟಿ ಡಾಲರ್ ಕಟ್ಟುತ್ತಾ ಬಂದು 2022ರಲ್ಲಿ ಮುಗಿಸಿತು, ಅದರಲ್ಲಿ ದೊಡ್ಡ ಪಾಲು ಕುವೈತಿನದು. ಕೊಟ್ಟದ್ದು ತಲೆಬರಹವಾಗುತ್ತದೆ, ಬಂದದ್ದು ಒಳಪುಟದಲ್ಲಿ ಉಳಿಯುತ್ತದೆ.

ಇನ್ನು ಮನೆಯೊಳಗಿನ ಸಾಲ. ಮನ್ನಾ ಕೇಳುವವರನ್ನು ಸೋಮಾರಿಗಳೆಂದು ಬೈಯುವ ಅಂಕಣಕಾರರ ಜೊತೆ ನಾವಿಲ್ಲ. ಅವರ ಕೈಯಲ್ಲಿ ಇತಿಹಾಸದ ರಸೀದಿಗಳಿವೆ. 1982ರ ಆಗಸ್ಟಿನಲ್ಲಿ ಸೂಕ್ ಅಲ್ ಮನಾಖ್ ಎಂಬ ಅನಧಿಕೃತ ಷೇರುಪೇಟೆ ಕುಸಿದಾಗ ಮುಂದಿನ ತಾರೀಖು ಹಾಕಿದ ಚೆಕ್ಕುಗಳ ಒಟ್ಟು ಮುಖಬೆಲೆ 9,000 ಕೋಟಿ ಡಾಲರ್ ಮೀರಿತ್ತು. ಚೆಕ್ಕು ಬರೆದವರಲ್ಲಿ ಬಡವರು ವಿರಳ. ಆ ಗಾಯ ಆರುವ ಮೊದಲೇ ಇರಾಕಿನ ಆಕ್ರಮಣ ಬಂತು. ವಿಮೋಚನೆಯ ನಂತರ ಸರ್ಕಾರ ಬ್ಯಾಂಕುಗಳ ಕೆಟ್ಟ ಸಾಲಗಳನ್ನೇ ಕೊಂಡು ಬದಲಿಗೆ ಬಾಂಡ್ ಕೊಟ್ಟಿತು. 1993ರ 41ನೇ ಕಾನೂನು ಅದಕ್ಕೆ ಚೌಕಟ್ಟು. 2009ರಲ್ಲಿ ಜಾಗತಿಕ ಕುಸಿತದ ಹೊತ್ತಿಗೆ ಬ್ಯಾಂಕು, ಕಂಪನಿಗಳಿಗೆ ಆಸರೆಯಾಗಿ ಮತ್ತೊಂದು ಕಾನೂನು. "ವ್ಯಾಪಾರಿಯ ಸಾಲ ಕೊಳ್ಳಬಹುದಾದರೆ ಗುಮಾಸ್ತನದ್ದು ಏಕಾಗದು" ಎಂಬ ಪ್ರಶ್ನೆಗೆ ನಿಮ್ಮ ಯಾವ ಮಂತ್ರಿಯೂ ನೇರ ಉತ್ತರ ಕೊಟ್ಟಿಲ್ಲ.

ಎರಡನೆಯ ರಸೀದಿ 2008ಕ್ಕೆ ಮುಂಚಿನದು. ಆಗಿನ ದೀರ್ಘಾವಧಿ ಸಾಲಗಳಲ್ಲಿ ಬಡ್ಡಿ ಏರಿಳಿಯುತ್ತಿತ್ತು. ಬ್ಯಾಂಕುಗಳ ಬಡ್ಡಿಗೆ ಬುನಾದಿಯಾದ ಸೆಂಟ್ರಲ್ ಬ್ಯಾಂಕಿನ ಡಿಸ್ಕೌಂಟ್ ದರ 2004ರಿಂದ ಏರುತ್ತಾ 2006ರ ಹೊತ್ತಿಗೆ ಶೇ. 6.25 ಮುಟ್ಟಿತು. ಸಂಬಳದಿಂದ ಕಂತು ತಪ್ಪದೆ ಹೋಗುತ್ತಿದ್ದರೂ ಅಸಲು ಅಲುಗದೆ ಕುಳಿತ ಕುಟುಂಬಗಳು ಆಗಿದ್ದವು. 2008ರ ಮಾರ್ಚಿನಲ್ಲಿ ಹೊಸ ನಿಯಮ ಬಂದದ್ದು ಈ ಗಲಾಟೆಯ ನಂತರವೇ. ಹಾಗಾಗಿ 2013ರ 104ನೇ ಕಾನೂನಿನಡಿ ಬಂದ ಕುಟುಂಬ ನಿಧಿ, ಅಂದರೆ ಸಂದೂಕ್ ಅಲ್ ಉಸ್ರಾ, 2008ರ ಮಾರ್ಚ್ 30ಕ್ಕೆ ಮುಂಚಿನ ಸಾಲಗಳಿಗೆ ಮಾತ್ರ ಅನ್ವಯವಾಯಿತು. ವೆಚ್ಚದ ಅಂದಾಜು 74.4 ಕೋಟಿ ದಿನಾರ್. ಸರ್ಕಾರ ಬ್ಯಾಂಕಿಗೆ ಬಾಕಿ ಕಟ್ಟಿತು, ಬಡ್ಡಿ ಬಿಟ್ಟಿತು. ಅಸಲನ್ನು ನಾಗರಿಕ ಬಡ್ಡಿಯಿಲ್ಲದ ಕಂತಿನಲ್ಲಿ ಸರ್ಕಾರಕ್ಕೆ ತೀರಿಸಬೇಕು. ನಮ್ಮ ಮಟ್ಟಿಗೆ ಈ ವಿಷಯದಲ್ಲಿ ಕುವೈತ್ ಮಾಡಿದ ಅತ್ಯಂತ ಹದವಾದ ಕೆಲಸ ಇದು. ತಪ್ಪು ನಡೆದ ಅವಧಿಗೆ ಪರಿಹಾರ ಸಿಕ್ಕಿತು, ಅಸಲಿನ ಹೊಣೆ ಉಳಿಯಿತು.

2008ರ ನಂತರದ ಸಾಲಗಳ ಕಥೆ ಬೇರೆ. ಇಂದಿನ ನಿಯಮದಲ್ಲಿ ಗ್ರಾಹಕ ಸಾಲ ಸಂಬಳದ 25 ಪಟ್ಟು, ಆದರೆ 25,000 ದಿನಾರ್ ಮೀರುವಂತಿಲ್ಲ; ಅವಧಿ 5 ವರ್ಷ. 2018ರ ಮುಂಚೆ ಇದು 15 ಪಟ್ಟು, 15,000 ದಿನಾರ್ ಇತ್ತು. ಮನೆ ಕಟ್ಟಲು, ದುರಸ್ತಿಗೆಂದು ಪಡೆಯುವ ಕಂತು ಸಾಲ 70,000 ದಿನಾರ್‌ವರೆಗೆ, 15 ವರ್ಷ. ಎಲ್ಲ ಕಂತು ಸೇರಿ ಕೈಗೆ ಬರುವ ಸಂಬಳದ ಶೇ. 40 ದಾಟಬಾರದು, ನಿವೃತ್ತರಿಗೆ ಶೇ. 30. ಬಡ್ಡಿ ಡಿಸ್ಕೌಂಟ್ ದರದ ಮೇಲೆ ಹೆಚ್ಚೆಂದರೆ ಶೇ. 3. ಹದಿನೈದು ವರ್ಷದ ಸಾಲದಲ್ಲಿ 5 ವರ್ಷಕ್ಕೊಮ್ಮೆ ಮಾತ್ರ ಬಡ್ಡಿ ಮರುನಿಗದಿ, ಅದೂ ಒಮ್ಮೆಗೆ 2 ಶೇಕಡಾಂಶದ ಮಿತಿಯಲ್ಲಿ. ಕೊಲ್ಲಿಯ ಮಟ್ಟಿಗೆ ಇದು ಬಿಗಿ ನಿಯಮವೇ. ಆದರೂ ಎರಡು ಕಡೆ ಸೋರುತ್ತದೆ.

ಒಂದು, ಈ 5 ವರ್ಷದ ಮೆಟ್ಟಿಲು. 2020ರಲ್ಲಿ ಡಿಸ್ಕೌಂಟ್ ದರ ಶೇ. 1.5ಕ್ಕೆ ಇಳಿದಿತ್ತು. ಆಗ 1,350 ದಿನಾರ್ ಸಂಬಳದವನು ಶೇ. 4.5ರ ಬಡ್ಡಿಗೆ 70,000 ದಿನಾರ್ ಪಡೆದ ಎನ್ನಿ. ತಿಂಗಳ ಕಂತು ಸುಮಾರು 535 ದಿನಾರ್, ಶೇ. 40ರ ಮಿತಿ 540, ಕೂದಲೆಳೆಯಲ್ಲಿ ಪಾಸು. 5 ವರ್ಷ ತಪ್ಪದೆ ಕಟ್ಟಿದರೂ ಉಳಿಯುವ ಅಸಲು ಸುಮಾರು 51,700. ಆ ಹೊತ್ತಿಗೆ ದರ ಏರಿದೆ. ಬಡ್ಡಿ ಗರಿಷ್ಠ 2 ಅಂಶ ಏರಿ ಶೇ. 6.5 ಆದರೆ, ಉಳಿದ 10 ವರ್ಷಕ್ಕೆ ಕಂತು 587 ಆಗಬೇಕು. ಸಂಬಳ ಏರದಿದ್ದರೆ ಅದು ಶೇ. 43ರ ಮೇಲೆ. ಕಂತು ಏರಿಸಿದರೆ ಮಿತಿ ಮೀರುತ್ತದೆ, ಏರಿಸದಿದ್ದರೆ ಅವಧಿ ಹಿಗ್ಗುತ್ತದೆ. ಸಾಲ ಕೊಡುವ ದಿನವೇ ಶೇ. 40ರ ಅಂಚಿಗೆ ತಳ್ಳಿದರೆ ಐದು ವರ್ಷದ ನಂತರ ಹೀಗಾಗದೆ ಇನ್ನೇನಾದೀತು? ಇದಕ್ಕೆ ಮದ್ದು ಸೆಂಟ್ರಲ್ ಬ್ಯಾಂಕಿನ ಒಂದು ಸುತ್ತೋಲೆಯಲ್ಲಿದೆ: ದೀರ್ಘಾವಧಿ ಸಾಲಕ್ಕೆ ಅರ್ಹತೆ ಲೆಕ್ಕ ಹಾಕುವಾಗ ಇಂದಿನ ಬಡ್ಡಿಗೆ 2 ಅಂಶ ಸೇರಿಸಿ ಶೇ. 40 ನೋಡಬೇಕು. ಅದೇ 1,350ರ ಸಂಬಳಕ್ಕೆ ಆಗ ಸಿಗುವುದು 62,000 ದಿನಾರಿನ ಆಸುಪಾಸು. ಬ್ಯಾಂಕುಗಳಿಗೆ ರುಚಿಸದು, ಕೇಳಿ ಬಂದ ಗ್ರಾಹಕನಿಗೂ ರುಚಿಸದು.

ಎರಡನೆಯ ಸೋರಿಕೆ 'ತಕಿಯೀಶ್'. ಕ್ಯಾಶ್ ಎಂಬ ಪದಕ್ಕೆ ಅರಬ್ಬಿ ಅಂಗಿ ತೊಡಿಸಿದ ದಂಧೆ ಇದು. ಮಧ್ಯವರ್ತಿ ನಿಮ್ಮ ಹಳೆಯ ಸಾಲವನ್ನು ತನ್ನ ಕೈಯಿಂದ ತೀರಿಸುತ್ತಾನೆ. ಸಾಲಗಾರರ ಮಾಹಿತಿ ಇಡುವ ಸಂಸ್ಥೆ ಸೈ-ನೆಟ್‌ನ ಸಾಲ ದಾಖಲೆ ಚೊಕ್ಕಟವಾಗುತ್ತದೆ. ಸಂಬಳವನ್ನು ಬೇರೆ ಬ್ಯಾಂಕಿಗೆ ತಿರುಗಿಸಿ ಪೂರ್ತಿ ಮಿತಿಯ ಹೊಸ ಸಾಲ ಎತ್ತಿಸುತ್ತಾನೆ. ಅದರಿಂದ ತನ್ನ ಹಣ, ಮೇಲೆ ಕಮಿಷನ್ ಮುರಿದುಕೊಳ್ಳುತ್ತಾನೆ. ಮನೆ ಸಾಲಕ್ಕೆ ಬಿಲ್ಲು ತೋರಿಸಬೇಕಾದ ಕಡೆ ಸುಳ್ಳು ಬಿಲ್ಲು. ಪ್ರತಿ ಸುತ್ತಿಗೂ ಅವಧಿ ಮೊದಲಿನಿಂದ ಶುರು. ಹಳೇ ಸಾಲಕ್ಕೆ ಹೊಸ ಸಾಲ ಎಂಬ ಈ ಗಿರಣಿ ತಿರುಗುತ್ತಿರುವಾಗ ಮನ್ನಾ ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇಂದು ಚುಕ್ತಾ ಆದ ಖಾತೆಗೆ ನಾಳೆಯೇ ಪೂರ್ತಿ ಮಿತಿಯ ಅರ್ಹತೆ ಮರಳುತ್ತದೆ. ಮನ್ನಾದ ಸುದ್ದಿ ಹಬ್ಬಿದ ವಾರವೇ ಮಧ್ಯವರ್ತಿಗೆ ಸುಗ್ಗಿ.

ಮನ್ನಾ ಕೇಳುವ ನಾಗರಿಕರೇ, ನಿಮಗೂ ಒಂದು ಲೆಕ್ಕ. 1,400 ಕೋಟಿ ದಿನಾರನ್ನು ಸುಮಾರು 15 ಲಕ್ಷ ನಾಗರಿಕರಿಗೆ ಹಂಚಿದರೆ ಮಗುವಿನಿಂದ ಮುದುಕರವರೆಗೆ ತಲೆಗೆ 9,300 ದಿನಾರ್ ಚಿಲ್ಲರೆ. ಒಂದೇ ಇಲಾಖೆಯ ಇಬ್ಬರು ಗುಮಾಸ್ತರಲ್ಲಿ ಒಬ್ಬ 70,000 ಸಾಲ ಮಾಡಿದ್ದಾನೆ, ಇನ್ನೊಬ್ಬ ಬಾಡಿಗೆ ಮನೆಯಲ್ಲೇ ಇದ್ದು ಸಾಲದ ಗೋಜಿಗೆ ಹೋಗಿಲ್ಲ. ಮನ್ನಾದ ಮರುದಿನ ಎರಡನೆಯವನಿಗೆ ಏನು ಹೇಳುತ್ತೀರಿ? 2011ರಲ್ಲಿ ದೇಶದ ದೊರೆ ಅಮೀರರು ಪ್ರತಿ ನಾಗರಿಕನಿಗೂ 1,000 ದಿನಾರ್ ಕೊಟ್ಟು, ವರ್ಷ ಮೀರಿ ಉಚಿತ ಪಡಿತರ ಕೊಟ್ಟಾಗ ಕನಿಷ್ಠ ಎಲ್ಲರಿಗೂ ಸಮಾನ ಪಾಲಿತ್ತು. ಕೆಲವು ಶಾಸಕರು ತಿಂಗಳಿಗೆ 120 ದಿನಾರಿನ ತುಟ್ಟಿಭತ್ಯೆ ಬಿಟ್ಟುಕೊಟ್ಟವರ ಸಾಲ ಸರ್ಕಾರ ಕೊಳ್ಳಲಿ ಎಂದಿದ್ದರು. ಕೇಳಲು ಚೆಂದ. 20,000 ದಿನಾರ್ ಸಾಲ ಆ ಲೆಕ್ಕದಲ್ಲಿ ತೀರಲು ಸುಮಾರು 14 ವರ್ಷ, 70,000 ತೀರಲು 48 ವರ್ಷ ಮೀರಿ. ಅಂದರೆ ಸಾಲ ದೊಡ್ಡದಾದಷ್ಟೂ ಲಾಭ.

ಖಜಾನೆಯ ಕಡೆ ನೋಡಿ. 2025-26ರ ಬಜೆಟ್‌ನಲ್ಲಿ ಖರ್ಚು ಸುಮಾರು 2,450 ಕೋಟಿ ದಿನಾರ್, ಆದಾಯ 1,820 ಕೋಟಿ, ಕೊರತೆ 630 ಕೋಟಿ. ಖರ್ಚಿನ ಸಿಂಹಪಾಲು ಸಂಬಳ ಮತ್ತು ಸಬ್ಸಿಡಿ. 2017ರಲ್ಲಿ ಅವಧಿ ಮುಗಿದಿದ್ದ ಸಾರ್ವಜನಿಕ ಸಾಲದ ಕಾನೂನಿನ ಜಾಗಕ್ಕೆ 2025ರ ಮಾರ್ಚಿನಲ್ಲಿ ಸುಗ್ರೀವಾಜ್ಞೆಯಿಂದ ಹೊಸದು ಬಂತು: ಮಿತಿ 3,000 ಕೋಟಿ ದಿನಾರ್, ಅವಧಿ 50 ವರ್ಷದವರೆಗೆ. ಇಂಥ ಸ್ಥಿತಿಯಲ್ಲಿ ನಾಗರಿಕನ ಬ್ಯಾಂಕ್ ಸಾಲ ಕೊಳ್ಳಲು ಸರ್ಕಾರ ತಾನೇ ಸಾಲ ಎತ್ತಬೇಕು. ಹೊಸ ಮಿತಿಯ ಅರ್ಧದಷ್ಟು ಅಲ್ಲೇ ಕರಗುತ್ತದೆ. "ಭವಿಷ್ಯದ ಪೀಳಿಗೆಗಳ ನಿಧಿ ಇದೆಯಲ್ಲ" ಎನ್ನುವವರಿಗೆ ಹೆಸರೇ ಉತ್ತರ. 1976ರ ಕಾನೂನು ಅದನ್ನು ಕಟ್ಟಿದ್ದು ತೈಲ ಮುಗಿದ ಮೇಲಿನ ದಿನಗಳಿಗೆ. ಕೈ ಹಾಕಿದ ದೊಡ್ಡ ಸಂದರ್ಭ ಇಡೀ ದೇಶವೇ ಕೈತಪ್ಪಿದ್ದ 1990-91ರದ್ದು.

ಕರ್ನಾಟಕದ ಓದುಗರಿಗೆ ಇದೆಲ್ಲ ಹೊಸತಲ್ಲ. 2008ರ ಕೇಂದ್ರದ ಕೃಷಿ ಸಾಲ ಮನ್ನಾದಲ್ಲಿ ಅರ್ಹರು ತಪ್ಪಿಹೋಗಿ ಅನರ್ಹರು ಸೇರಿಕೊಂಡದ್ದನ್ನು ಮಹಾಲೇಖಪಾಲರ ವರದಿಯೇ ಎತ್ತಿ ತೋರಿಸಿತು. 2017ರಲ್ಲಿ ಸಹಕಾರಿ ಸಂಘಗಳ 50,000 ರೂಪಾಯಿವರೆಗಿನ ಬೆಳೆಸಾಲ, 2018ರಲ್ಲಿ 2 ಲಕ್ಷದವರೆಗಿನದು ಮನ್ನಾ ಆದಾಗಲೂ ಕೈಸಾಲ ಮಾಡಿದವನ, ಗೇಣಿಗೆ ಉಳುವವನ ಹೆಸರು ಬ್ಯಾಂಕಿನ ಪಟ್ಟಿಯಲ್ಲಿ ಇರಲಿಲ್ಲ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಇಲ್ಲಿ ಮಳೆ ಕೈಕೊಟ್ಟು ಬೆಳೆ ಹೋದರೆ ಕಂತು ಕಟ್ಟಲು ಆದಾಯವೇ ಇರುವುದಿಲ್ಲ. ಅಲ್ಲಿ ಹೆಚ್ಚಿನ ಸಾಲಗಾರರಿಗೆ ಪ್ರತಿ ತಿಂಗಳು ಸರ್ಕಾರಿ ಸಂಬಳ ಬರುತ್ತದೆ. ಮಳೆಯಾಶ್ರಿತ ಹೊಲದ ನ್ಯಾಯವನ್ನು ಸಂಬಳದ ಖಾತೆಗೆ ಹಚ್ಚಲಾಗದು.

ಸಚಿವಾಲಯದಿಂದ ನಾವು ಕೇಳುವುದು ದೊಡ್ಡದೇನಲ್ಲ. ನೆರವಿನ ಮೂರು ಚೀಲಗಳನ್ನು ಮೂರು ಪಟ್ಟಿಗಳಾಗಿ ವರ್ಷಕ್ಕೊಮ್ಮೆ ಪ್ರಕಟಿಸಿ. ನಿಧಿಯ ಸಾಲಗಳ ಮುಂದೆ ವಾಪಸು ಬಂದ ಅಸಲು, ಬಡ್ಡಿ, ಸುಸ್ತಿ ಬರೆಯಿರಿ. ಠೇವಣಿಗಳ ಮುಂದೆ ಯಾವ ದೇಶ, ಎಷ್ಟು, ಯಾವ ದಿನ ಅವಧಿ, ಎಷ್ಟು ಸಲ ಮುಂದೂಡಿದೆ ಎಂದು ಬರೆಯಿರಿ. ಎರಡು ಸಲಕ್ಕಿಂತ ಹೆಚ್ಚು ಮುಂದೂಡಿದ್ದನ್ನು ಅನುದಾನದ ಪಟ್ಟಿಗೆ ದಾಟಿಸಿ. ಆಗ ನಿಮ್ಮ ಉದಾರತೆಯ ನಿಜವಾದ ಬೆಲೆ ನಿಮಗೂ ಗೊತ್ತಾಗುತ್ತದೆ.

ಒಳಗಿನ ಪರಿಹಾರ ಕೊಡಲೇಬೇಕೆಂದಾದರೆ ಕುಟುಂಬ ನಿಧಿಯ ಮಾದರಿಗೆ ಮರಳಿ: ಬಡ್ಡಿ ಬಿಡಿ, ಅಸಲು ಬಿಡಬೇಡಿ. ಕಾಯಿಲೆ, ಸಾವು, ಕೆಲಸ ಕಳೆದುಕೊಂಡ ಮನೆಗಳನ್ನು ಮೊದಲು ನೋಡಿ. 2025ರ ರಂಜಾನಿನಲ್ಲಿ ಸಾಮಾಜಿಕ ವ್ಯವಹಾರಗಳ ಸಚಿವಾಲಯ ನಡೆಸಿದ ಗಾರಿಮೀನ್ (ಸಾಲದಲ್ಲಿ ಮುಳುಗಿದವರು) ಅಭಿಯಾನದಲ್ಲಿ ದಾನದ ಹಣದಿಂದ ಸಾಲಗಾರ ನಾಗರಿಕರ ಬಾಕಿ ತೀರಿಸಲಾಯಿತು. ಸಾಲದಲ್ಲಿ ಮುಳುಗಿದವನು ಜಕಾತಿಗೆ ಅರ್ಹ ಎಂಬುದು ಧರ್ಮದಲ್ಲೇ ಇರುವ ಮಾತು. ಒಬ್ಬೊಬ್ಬರ ಕಡತ ತೆರೆದು ನೋಡುವ ಆ ಕ್ರಮವೇ ಸರಿ. ಎಲ್ಲಕ್ಕಿಂತ ಮುಖ್ಯ, ಅರ್ಹತೆಯ ಕೊನೆಯ ದಿನಾಂಕ ಘೋಷಣೆಗಿಂತ ಕನಿಷ್ಠ ಎರಡು ವರ್ಷ ಹಿಂದಿನದಿರಲಿ. 2013ರಲ್ಲಿ ಆ ದಿನಾಂಕ ಐದು ವರ್ಷ ಹಳೆಯದಾಗಿತ್ತು. ಸುದ್ದಿ ಕೇಳಿ ಸಾಲ ಎತ್ತಲು ಓಡಿದವರಿಗೆ ಏನೂ ಗಿಟ್ಟಲಿಲ್ಲ.

ಕಡೆಯದಾಗಿ, ಈ ಲೆಕ್ಕದಲ್ಲಿ ಎಲ್ಲೂ ಬಾರದವರು. 2020ರಲ್ಲಿ ಕೊರೊನಾ ಬಂದಾಗ ಬ್ಯಾಂಕುಗಳು ಆರು ತಿಂಗಳ ಕಂತು ಮುಂದೂಡಿದ್ದು ನಾಗರಿಕರಿಗೂ ನಮ್ಮಂಥ ನಿವಾಸಿಗಳಿಗೂ. 2021ರಲ್ಲಿ ಸರ್ಕಾರವೇ ವೆಚ್ಚ ಹೊತ್ತು ಮತ್ತೆ ಆರು ತಿಂಗಳು ಮುಂದೂಡಿದಾಗ ಅದು ನಾಗರಿಕರಿಗೆ ಮಾತ್ರ ಸೀಮಿತವಾಯಿತು. ಆ ದೇಶದ ಖಜಾನೆ ಆ ದೇಶದ ಪ್ರಜೆಗಳದು, ನಮ್ಮ ಸಾಲ ಮನ್ನಾ ಮಾಡಿ ಎಂದು ನಾವು ಕೇಳುತ್ತಿಲ್ಲ. ಆದರೆ ಸಾಲದ ದಾವೆ ಬಿದ್ದರೆ ಪ್ರಯಾಣ ನಿಷೇಧ ನಮಗೂ ಬೀಳುತ್ತದೆ. ಕೆಲಸ ಹೋದ ನಿವಾಸಿಯ ಸೇವಾ ಮುಕ್ತಾಯದ ಹಣವನ್ನು ಬ್ಯಾಂಕು ಸಾಲಕ್ಕೆ ಮುರಿದುಕೊಂಡ ದಿನವೇ ಬಾಕಿಯ ಪತ್ರ ಬರಹದಲ್ಲಿ ಅವನ ಕೈಗೆ ಸಿಗಲಿ. ಎಷ್ಟು ಮುರಿದರು, ಎಷ್ಟು ಉಳಿಯಿತು, ಅದನ್ನು ಕಟ್ಟಿದರೆ ನಿಷೇಧ ಯಾವ ದಿನ ತೆರವಾಗುತ್ತದೆ ಎಂಬ ಮೂರೇ ಸಾಲು ಅದರಲ್ಲಿದ್ದರೆ ಸಾಕು. ಸೆಂಟ್ರಲ್ ಬ್ಯಾಂಕು ಅದನ್ನು ಒಂದು ಸುತ್ತೋಲೆಯಲ್ಲಿ ಹೇಳಬಹುದು, ಖಜಾನೆಗೆ ಒಂದು ಫಿಲ್ಸ್ ಖರ್ಚಿಲ್ಲ.

ಇತಿ,
ಕೊಲ್ಲಿಯ ಬ್ಯಾಂಕು ಮತ್ತು ಲೆಕ್ಕಪತ್ರ ವಲಯದಲ್ಲಿ ದುಡಿಯುವ ಕೆಲವು ಕನ್ನಡಿಗರು